ಕಣ್ಣು ತುರಿಸಿದರೆ ಯಾವ ಡ್ರಾಪ್ಸ್? ಬ್ರ್ಯಾಂಡ್ ಬಿಡಿ, ಸಣ್ಣ ಅಕ್ಷರ ಓದಿ

ಮೆಡಿಕಲ್ ಶಾಪಿಗೆ ಹೋಗಿ "ಕಣ್ಣು ತುಂಬಾ ತುರಿಸ್ತಿದೆ, ಒಂದು ಡ್ರಾಪ್ಸ್ ಕೊಡಿ" ಅಂದರೆ ನಿಮ್ಮ ಕೈಗೆ ಬರುವುದು ನಾಲ್ಕು ಬೇರೆ ಬೇರೆ ಬಗೆಯ ಔಷಧಿಗಳಲ್ಲಿ ಯಾವುದಾದರೂ ಒಂದು. ನಾಲ್ಕೂ ಪುಟ್ಟ ಬಿಳಿ ಬಾಟಲಿಗಳು. ಐದೋ ಹತ್ತೋ ಎಂಎಲ್. ಯಾವುದನ್ನು ಹಾಕಿದರೂ ಸ್ವಲ್ಪ ಹಾಯ್ ಅನ್ನಿಸುತ್ತದೆ. ಆದರೆ ಒಂದರಲ್ಲಿರುವುದು ಬರೀ ಕೃತಕ ಕಣ್ಣೀರು. ಇನ್ನೊಂದರಲ್ಲಿ ನಿಜವಾದ ಅಲರ್ಜಿ ಔಷಧಿ. ಮತ್ತೊಂದು ಕೆಂಪು ಕಣ್ಣನ್ನು ಬೆಳ್ಳಗೆ ಕಾಣಿಸುವಂಥದ್ದು. ಕೊನೆಯದು ಸ್ಟೀರಾಯ್ಡ್, ಉರಿಯೂತವನ್ನು ಜೋರಾಗಿ ಅಡಗಿಸುವ ಔಷಧಿ. ಈ ಕೊನೆಯದನ್ನು ಹಾಕಿಕೊಂಡವರೇ "ಆ ಅಂಗಡಿಯವನು ಕೊಟ್ಟ ಡ್ರಾಪ್ಸ್ ಬಹಳ ಚೆನ್ನಾಗಿದೆ" ಅಂತ ಹೊಗಳುವುದು. ಸಮಸ್ಯೆ ಶುರುವಾಗುವುದೂ ಅಲ್ಲಿಂದಲೇ.

ಅಮೆರಿಕದಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಹುದಾದ ಔಷಧಿ ಯಾವುದು, ಚೀಟಿ ಬೇಕಾದದ್ದು ಯಾವುದು ಅನ್ನುವುದಕ್ಕೆ ಸ್ಪಷ್ಟ ಗೆರೆ ಇದೆ. ನಮ್ಮಲ್ಲಿ ಹಾಗೆ ಬೇರೆಯಾಗಿ ಗುರುತಿಸಿದ ವರ್ಗ ಇಲ್ಲ. 'ಷೆಡ್ಯೂಲ್ ಎಚ್' ಅಂತ ಒಂದು ಪಟ್ಟಿ ಇದೆ. ಅದರಲ್ಲಿರುವ ಔಷಧಿಯನ್ನು ಚೀಟಿ ನೋಡಿಯೇ ಕೊಡಬೇಕು. ಲೇಬಲ್ಲಿನ ಮೇಲೆ ಕೆಂಪು ಗೆರೆಯೂ ಇರುತ್ತದೆ. ಕೌಂಟರಿನಲ್ಲಿ ಆ ಗೆರೆಯನ್ನು ಯಾರು ನೋಡುತ್ತಾರೆ ಹೇಳಿ? ಹಾಗಾಗಿ ಕಾನೂನು ಮಾಡಬೇಕಾದ ಕೆಲಸದಲ್ಲಿ ಸ್ವಲ್ಪ ಭಾಗವನ್ನು ಇಲ್ಲಿ ನಾವೇ ಮಾಡಬೇಕಾಗುತ್ತದೆ.

ಮೊದಲು, ಇದು ಅಲರ್ಜಿಯೇ ಹೌದಾ?

ತುರಿಕೆ ಇಲ್ಲದಿದ್ದರೆ ಅಲರ್ಜಿ ಅಲ್ಲ ಅಂತಲೇ ಹೆಚ್ಚುಕಡಿಮೆ ಹೇಳಬಹುದು. ಅದರಲ್ಲೂ ಮೂಗಿನ ಕಡೆಯ ಕಣ್ಣಿನ ಮೂಲೆಯಲ್ಲಿ ಉಜ್ಜಲೇಬೇಕು ಅನ್ನಿಸುವಂಥ ತುರಿಕೆ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ. ನೀರು ಸುರಿಯುತ್ತದೆ, ರೆಪ್ಪೆ ಊದುತ್ತದೆ, ಜೊತೆಗೆ ಸೀನು, ಮೂಗು ಸೋರುವುದು ಇರುತ್ತದೆ. ಮನೆ ಧೂಳು ಹೊಡೆದ ದಿನ, ಹಳೆಯ ಕಂಬಳಿ ಬಿಚ್ಚಿದ ದಿನ, ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟ ಕಾಲದಲ್ಲಿ ಜಾಸ್ತಿಯಾಗುತ್ತದೆ.

ತುರಿಕೆಗಿಂತ ಉರಿ, ಮರಳು ಬಿದ್ದ ಹಾಗೆ ಚುಚ್ಚುವುದು ಜಾಸ್ತಿ ಇದ್ದು, ಸಂಜೆ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂತವರಿಗೆ ಹೆಚ್ಚಾದರೆ ಅದು ಬಹುಪಾಲು ಒಣಕಣ್ಣು. ಒಂದು ಕಣ್ಣಿಗೆ ಬಂದು ಒಂದೆರಡು ದಿನದಲ್ಲಿ ಇನ್ನೊಂದಕ್ಕೂ ಹರಡಿ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಿದ್ದರೆ ಅದು ಕಣ್ಣುಬೇನೆ, ನಾವು 'ಮದ್ರಾಸ್ ಐ' ಅನ್ನುವುದು. 2023ರ ಮಳೆಗಾಲದಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹರಡಿದ್ದು ನೆನಪಿರಬಹುದು. ಬೆಳಗ್ಗೆ ಎದ್ದಾಗ ಹಳದಿ ಗೀಜಿನಿಂದ ರೆಪ್ಪೆಗಳು ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾ ಸೋಂಕು ಇರಬಹುದು.

ಕೆಲವು ಲಕ್ಷಣಗಳಿದ್ದರೆ ಡ್ರಾಪ್ಸ್ ಹುಡುಕುವುದೇ ತಪ್ಪು. ಜೋರು ನೋವು, ಬೆಳಕು ನೋಡಲು ಆಗದಿರುವುದು, ಮಿಟುಕಿಸಿದರೂ ಹೋಗದ ಮಬ್ಬು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಒಂದೇ ಕಣ್ಣು ಕೆಂಪಾಗಿ ನೋಯುವುದು, ಕಣ್ಣಿಗೆ ಏನಾದರೂ ತಗುಲಿದ್ದು, ಸುಣ್ಣವೋ ರಾಸಾಯನಿಕವೋ ಸಿಡಿದದ್ದು, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕೆಂಪು ಕಣ್ಣು. ಇವು ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕಾದಂಥವು. ಸುಣ್ಣ, ಆ್ಯಸಿಡ್ ಸಿಡಿದಿದ್ದರೆ ಮೊದಲು ಸಾಕಷ್ಟು ಹೊತ್ತು ನಲ್ಲಿ ನೀರಿನಲ್ಲಿ ತೊಳೆದು, ಆಮೇಲೆ ಓಡಿ.

ತುರಿಕೆ ಎಲ್ಲಿಂದ ಬರುತ್ತದೆ

ಕಣ್ಣಿನ ಬಿಳಿಭಾಗದ ಮೇಲೂ ರೆಪ್ಪೆಯ ಒಳಮೈಯಲ್ಲೂ ಒಂದು ತೆಳುವಾದ ಪದರ ಇದೆ. ಅದರೊಳಗೆ ಮಾಸ್ಟ್ ಕೋಶಗಳು ಕೂತಿರುತ್ತವೆ. ಇವುಗಳ ಹೊಟ್ಟೆಯಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ತುಂಬಿರುತ್ತದೆ. ಅಲರ್ಜಿ ಇರುವವರ ಕಣ್ಣಿಗೆ ಪರಾಗವೋ ಧೂಳುಹುಳದ ಚೂರೋ ಬಿದ್ದರೆ ಈ ಕೋಶಗಳು ಒಡೆದು ಹಿಸ್ಟಮಿನ್ ಚೆಲ್ಲುತ್ತವೆ. ಅದು ನರಗಳ ಮೇಲೆ ಕೂತರೆ ತುರಿಕೆ. ರಕ್ತನಾಳಗಳ ಮೇಲೆ ಕೂತರೆ ನಾಳ ಹಿಗ್ಗಿ ಕಣ್ಣು ಕೆಂಪು, ನೀರು ಒಸರಿ ಊತ. ಇದೆಲ್ಲ ನಿಮಿಷಗಳಲ್ಲಿ ನಡೆಯುತ್ತದೆ.

ಕಣ್ಣು ಉಜ್ಜಿದರೆ ಏನಾಗುತ್ತದೆ ಗೊತ್ತಾ? ಆ ಒತ್ತಡಕ್ಕೇ ಇನ್ನಷ್ಟು ಮಾಸ್ಟ್ ಕೋಶಗಳು ಒಡೆಯುತ್ತವೆ. ಉಜ್ಜಿದಷ್ಟೂ ತುರಿಕೆ ಜಾಸ್ತಿ. ವರ್ಷಗಟ್ಟಲೆ ಜೋರಾಗಿ ಉಜ್ಜುವ ಅಭ್ಯಾಸಕ್ಕೂ ಕಪ್ಪುಗುಡ್ಡೆ ತೆಳುವಾಗಿ ಮೊನಚಾಗುವ ಕೆರಟೋಕೋನಸ್ ಕಾಯಿಲೆಗೂ ನಂಟಿದೆ. ಮಕ್ಕಳಿಗೆ "ಉಜ್ಜಬೇಡ" ಅಂತ ಹೇಳಿದರೆ ಸಾಲದು, ತುರಿಕೆಯನ್ನು ನಿಲ್ಲಿಸಬೇಕು.

ಒಂದು ವಿಷಯ ಇಲ್ಲಿ ಹಿಡಿದುಕೊಳ್ಳಿ. ತೊಂದರೆಯ ಬೇರು ಇರುವುದು ತುರಿಕೆಯಲ್ಲಿ. ಕೆಂಪು ಅದರ ಜೊತೆಗೆ ಬಂದದ್ದು. ಡ್ರಾಪ್ಸ್ ಆರಿಸುವಾಗ ಜನ ಇದನ್ನೇ ಉಲ್ಟಾ ಮಾಡುತ್ತಾರೆ. ಕನ್ನಡಿ ನೋಡಿಕೊಂಡು ಕೆಂಪಿಗೆ ಔಷಧಿ ಕೇಳುತ್ತಾರೆ.

ಮೊದಲ ಬಾಟಲಿ: ಕೃತಕ ಕಣ್ಣೀರು

ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಹೈಪ್ರೊಮೆಲೋಸ್ ಅಂತ ಬರೆದಿರುತ್ತದೆ. ಇದು ಹಿಸ್ಟಮಿನ್ ತಡೆಯುವುದಿಲ್ಲ. ಕಣ್ಣಿಗೆ ಬಿದ್ದ ಪರಾಗ, ಧೂಳನ್ನು ತೊಳೆದು ತಿಳಿಯಾಗಿಸುತ್ತದೆ ಅಷ್ಟೆ. ಆದರೆ ಸಣ್ಣಪುಟ್ಟ ಅಲರ್ಜಿಗೆ ಅಷ್ಟೇ ಸಾಕಾಗುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವ ವಯಸ್ಸಾದವರಿಗೆ ಮೊದಲು ಇದನ್ನೇ ನೋಡುವುದು ಒಳ್ಳೆಯದು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಹಾಕಿದರೆ ತುರಿಕೆ ಇನ್ನೂ ಚೆನ್ನಾಗಿ ತಗ್ಗುತ್ತದೆ. ಮುಚ್ಚಿದ ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟರೂ ಅದೇ ಲಾಭ. ಖರ್ಚಿಲ್ಲ.

ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕುವ ಹಾಗಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಬಾಟಲಿ ಕೆಡದಿರಲಿ ಅಂತ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಗೆ ತಾನೇ ಕಿರಿಕಿರಿ ಮಾಡುತ್ತದೆ.

ಎರಡನೆಯದು: ನಿಜವಾಗಿ ಬೇಕಾದದ್ದು

ಅಲರ್ಜಿಯ ಕಣ್ಣಿಗೆ ನೆನಪಿಟ್ಟುಕೊಳ್ಳಬೇಕಾದ ಎರಡು ಹೆಸರುಗಳಿವೆ: ಒಲೊಪಟಾಡಿನ್, ಕೀಟೊಟಿಫೆನ್. ಎರಡೂ ಎರಡೆರಡು ಕೆಲಸ ಮಾಡುತ್ತವೆ. ಹಿಸ್ಟಮಿನ್ ಕೂರುವ ಜಾಗದಲ್ಲಿ ತಾವು ಮೊದಲೇ ಕೂರುತ್ತವೆ. ಜೊತೆಗೆ ಮಾಸ್ಟ್ ಕೋಶಗಳು ಸುಲಭವಾಗಿ ಒಡೆಯದಂತೆ ಹಿಡಿದಿಡುತ್ತವೆ. ಜಾತ್ರೆ ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಹಿಸ್ಟಮಿನ್ ಬಂದರೂ ಕೂರಲು ಜಾಗ ಇರುವುದಿಲ್ಲ.

ಹಾಗಾಗಿ ಧೂಳಿಗೆ ಇಳಿಯುವ ಮೊದಲೇ ಹಾಕಿಕೊಂಡರೆ ಲಾಭ ಜಾಸ್ತಿ. ಹಬ್ಬಕ್ಕೆ ಅಟ್ಟ ಇಳಿಸಿ ಕ್ಲೀನ್ ಮಾಡುವ ದಿನ ಬೆಳಗ್ಗೆಯೇ ಹಾಕಬೇಕು. ತುರಿಕೆ ಶುರುವಾದ ಮೇಲೆ ಹಾಕಿದರೂ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಅಷ್ಟರಲ್ಲಾಗಲೇ ಊತ ಬಂದಿರುತ್ತದೆ.

ಒಲೊಪಟಾಡಿನ್ 0.1 ಪರ್ಸೆಂಟ್ ಆದರೆ ದಿನಕ್ಕೆ ಎರಡು ಸಲ, ಆರರಿಂದ ಎಂಟು ಗಂಟೆ ಅಂತರದಲ್ಲಿ. 0.2 ಪರ್ಸೆಂಟ್ ಆದರೆ ದಿನಕ್ಕೆ ಒಂದೇ ಸಲ. ಅಂಗಡಿಯಲ್ಲಿ ಎರಡೂ ಸಿಗುತ್ತವೆ, ಆದ್ದರಿಂದ ಯಾವುದು ಕೊಟ್ಟರು ಅಂತ ನೋಡಿಕೊಳ್ಳಿ. ಕೀಟೊಟಿಫೆನ್ 0.025 ಪರ್ಸೆಂಟ್ ಇರುತ್ತದೆ, ಎಂಟರಿಂದ ಹನ್ನೆರಡು ಗಂಟೆಗೊಮ್ಮೆ. ಹಾಕಿದಾಗ ಒಂದು ಕ್ಷಣ ಚುರುಕ್ ಅನ್ನಬಹುದು. ಒಲೊಪಟಾಡಿನ್ ಸಾಮಾನ್ಯವಾಗಿ ಅಷ್ಟು ಚುಚ್ಚುವುದಿಲ್ಲ, ನಮ್ಮ ಅಂಗಡಿಗಳಲ್ಲಿ ಸಿಗುವುದೂ ಸುಲಭ. ಇವೆರಡರಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ಜನೌಷಧಿ ಕೇಂದ್ರದಲ್ಲೂ ಬ್ರ್ಯಾಂಡ್ ಹೇಳದೆ ಈ ಹೆಸರನ್ನೇ ಹೇಳಿ ಕೇಳಿ.

ಅಮೆರಿಕದಲ್ಲಿ ಕೀಟೊಟಿಫೆನ್ 2006ರಿಂದ, ಒಲೊಪಟಾಡಿನ್ 2020ರಿಂದ ಚೀಟಿ ಇಲ್ಲದೆ ಸಿಗುತ್ತಿವೆ. ಅಲ್ಲಿನ ಲೇಬಲ್ ಪ್ರಕಾರ ಒಲೊಪಟಾಡಿನ್ ಎರಡು ವರ್ಷದ ಮೇಲಿನವರಿಗೆ, ಕೀಟೊಟಿಫೆನ್ ಮೂರು ವರ್ಷದ ಮೇಲಿನವರಿಗೆ. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ವಸಂತಕಾಲದಲ್ಲಿ ಕಾರಿನ ಮೇಲೆಲ್ಲ ಹಳದಿ ಪುಡಿ ಕೂತಾಗ ಇವು ಪರಿಚಯವಾಗಿರುತ್ತವೆ. ಇಂಗ್ಲೆಂಡಿನಲ್ಲಿ ಕೌಂಟರಿನಲ್ಲಿ ಹೆಚ್ಚಾಗಿ ಸಿಗುವುದು ಸೋಡಿಯಂ ಕ್ರೋಮೊಗ್ಲೈಕೇಟ್. ಅದು ಮಾಸ್ಟ್ ಕೋಶವನ್ನು ಹಿಡಿದಿಡುವ ಕೆಲಸ ಮಾತ್ರ ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಬಿಡದೆ ಹಾಕಬೇಕು. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು. ಎರಡು ದಿನ ಹಾಕಿ "ಇದು ವೇಸ್ಟ್" ಅಂತ ಬಿಟ್ಟವರು ಬಹಳ.

ಸೆಟ್ರಿಜಿನ್ ಮಾತ್ರೆ ನುಂಗಿದರೆ ಸಾಕಲ್ವಾ? ಮೂಗು ಸೋರುತ್ತಿದ್ದರೆ ಅದು ಬೇಕಾಗಬಹುದು. ಬರೀ ಕಣ್ಣಿಗಾದರೆ ಡ್ರಾಪ್ಸೇ ಬೇಗ ಕೆಲಸ ಮಾಡುತ್ತದೆ. ಮಾತ್ರೆ ಕೆಲವರಿಗೆ ಕಣ್ಣೀರು ಕಡಿಮೆ ಮಾಡಿ ಕಣ್ಣನ್ನು ಇನ್ನೂ ಒಣಗಿಸುತ್ತದೆ.

ಮೂರನೆಯದು: ಬೆಳ್ಳಗೆ ಮಾಡುವುದು

ನ್ಯಾಫಜೋಲಿನ್, ಟೆಟ್ರಾಹೈಡ್ರೋಜೋಲಿನ್, ಫಿನೈಲೆಫ್ರಿನ್. ಈ ಹೆಸರುಗಳು ಕಂಡರೆ ಅದು ರಕ್ತನಾಳ ಕುಗ್ಗಿಸುವ ಡ್ರಾಪ್ಸ್. ಜೊತೆಗೆ ಕ್ಲೋರ್‌ಫೆನಿರಮಿನ್, ಕರ್ಪೂರ, ಮೆಂಥಾಲ್ ಎಲ್ಲ ಸೇರಿಸಿರುತ್ತಾರೆ. ಹಾಕಿದ ತಕ್ಷಣ ತಣ್ಣಗೆ, ಕಣ್ಣು ಫಳಫಳ. ಫೋಟೋಗೆ ಚೆನ್ನ.

ಆದರೆ ನಾಲ್ಕೈದು ಗಂಟೆಯಲ್ಲಿ ಔಷಧಿಯ ಪ್ರಭಾವ ಇಳಿದಾಗ ನಾಳಗಳು ಮತ್ತೆ ಹಿಗ್ಗುತ್ತವೆ. ದಿನಾ ಹಾಕುತ್ತಾ ಹೋದರೆ ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಕೆಂಪು ಹೋಗಲಿ ಅಂತ ಮತ್ತೆ ಹಾಕುತ್ತೀರಿ, ಮತ್ತೆ ಕೆಂಪು. ಔಷಧಿಯೇ ಕಾಯಿಲೆಯಾಗಿ ನಿಲ್ಲುತ್ತದೆ. ಮದುವೆ ಮನೆಗೆ ಹೋಗುವ ಒಂದು ದಿನ ಹಾಕಿದರೆ ಪ್ರಳಯವೇನೂ ಆಗುವುದಿಲ್ಲ. ಮೂರು ದಿನ ದಾಟಿಸಬೇಡಿ. ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಕಿರಿದಾಗಿರುವವರಿಗೆ ಇದು ದಿಢೀರ್ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ದೃಷ್ಟಿ ನರ ಹಾಳಾಗುವ ಕಾಯಿಲೆ, ತರಬಹುದು. ಬಿಪಿ, ಹೃದಯದ ತೊಂದರೆ ಇರುವವರು ಕೇಳದೆ ಹಾಕಬಾರದು.

ಇನ್ನೊಂದು ಅಪಾಯ ಇದೆ, ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಈ ಬಾಟಲಿ ಪುಟ್ಟ ಮಕ್ಕಳ ಕೈಗೆ ಸಿಕ್ಕಿ ಬಾಯಿಗೆ ಹೋದರೆ ಒಂದೆರಡು ಎಂಎಲ್ ಕೂಡ ಪ್ರಾಣಕ್ಕೆ ಕುತ್ತು ತರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಟಿವಿ ಸ್ಟ್ಯಾಂಡಿನ ಮೇಲೆ ಇಡುವ ವಸ್ತು ಇದಲ್ಲ.

ನಾಲ್ಕನೆಯದು: ಕೇಳದೆ ಹಾಕಲೇಬಾರದ್ದು

ಸ್ಟೀರಾಯ್ಡ್ ಡ್ರಾಪ್ಸ್ ಕೆಟ್ಟ ಔಷಧಿ ಅಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ, ಕಣ್ಣೊಳಗಿನ ಉರಿಯೂತಕ್ಕೆ, ತೀವ್ರ ಅಲರ್ಜಿಗೂ ಡಾಕ್ಟರು ಇದನ್ನೇ ಕೊಡುತ್ತಾರೆ. ಆದರೆ ಅಳೆದು ಕೊಡುತ್ತಾರೆ, ನಡುವೆ ಕಣ್ಣಿನ ಒತ್ತಡ ನೋಡುತ್ತಾರೆ, ಯಾವಾಗ ನಿಲ್ಲಿಸಬೇಕು ಅಂತ ಹೇಳುತ್ತಾರೆ. ಈ ಮೂರೂ ಕೌಂಟರಿನಲ್ಲಿ ಸಿಗುವುದಿಲ್ಲ.

ತೊಂದರೆ ಏನೆಂದರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ತುರಿಕೆ, ಕೆಂಪು, ಊತ ಎಲ್ಲ ಹೋಗುತ್ತದೆ. ಒಂದು ಸಲ ಗುಣ ಕಂಡವರು ಮುಂದಿನ ಸಲ ಅದೇ ಖಾಲಿ ಡಬ್ಬಿ ಹಿಡಿದು ಅಂಗಡಿಗೆ ಹೋಗುತ್ತಾರೆ. ಹೀಗೆ ತಿಂಗಳುಗಳು ಕಳೆಯುತ್ತವೆ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡನ್ನು ಕೆಲವು ವಾರ ಸತತವಾಗಿ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಒಂದಿಷ್ಟು ಏರುತ್ತದೆ. ನೂರರಲ್ಲಿ ಐದಾರು ಜನಕ್ಕೆ ವಿಪರೀತ ಏರುತ್ತದೆ. ಮಕ್ಕಳಲ್ಲಿ ಇದು ಇನ್ನೂ ಬೇಗ. ಒತ್ತಡ ಏರಿದ್ದು ಗೊತ್ತಾಗುವುದೇ ಇಲ್ಲ. ನೋವಿಲ್ಲ, ಕೆಂಪಿಲ್ಲ. ದೃಷ್ಟಿ ಅಂಚಿನಿಂದ ಸವೆಯುತ್ತಾ ಬರುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಕಣ್ಣಿನ ಪೊರೆ ಬೇಗ ಬರುವುದು ಇನ್ನೊಂದು ನಷ್ಟ. ಅದನ್ನಾದರೂ ಆಪರೇಷನ್ ಮಾಡಿ ತೆಗೆಯಬಹುದು.

ಇದಕ್ಕೆ ಹೆಚ್ಚು ಬಲಿಯಾಗುವವರು ಶಾಲೆಗೆ ಹೋಗುವ ಹುಡುಗರು. ನಮ್ಮಂಥ ಬಿಸಿ, ಧೂಳಿನ ಊರುಗಳಲ್ಲಿ ವರ್ನಲ್ ಅನ್ನುವ ಒಂದು ಜೋರು ಅಲರ್ಜಿ ಮಕ್ಕಳಿಗೆ ಬರುತ್ತದೆ, ಹುಡುಗಿಯರಿಗಿಂತ ಹುಡುಗರಿಗೆ ಜಾಸ್ತಿ. ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಶುರು. ಬೇಸಿಗೆಯಲ್ಲಿ ಉಲ್ಬಣ. ಕಣ್ಣಿನ ಬಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ, ದಾರದ ಹಾಗೆ ಎಳೆಯಾಗಿ ಗೀಜು ಬರುತ್ತದೆ, ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಹೆಚ್ಚಿನವರಿಗೆ ಹದಿಹರೆಯ ದಾಟುವಷ್ಟರಲ್ಲಿ ತಾನೇ ಇಳಿದುಹೋಗುವ ಕಾಯಿಲೆ ಇದು. ಅಲ್ಲಿಯವರೆಗೆ ಮನೆಯವರೇ ಕೊಂಡು ತಂದ ಸ್ಟೀರಾಯ್ಡ್ ಹಾಕಿ ಹಾಕಿ, ಅಲರ್ಜಿ ಹೋಗಿ ಗ್ಲಾಕೋಮಾ ಉಳಿದ ಹುಡುಗರನ್ನು ಕಣ್ಣಿನ ಡಾಕ್ಟರುಗಳು ನೋಡುತ್ತಲೇ ಇರುತ್ತಾರೆ. ನಿಮ್ಮ ಮಗುವಿಗೆ ಪ್ರತಿ ಬೇಸಿಗೆಯಲ್ಲೂ ಹೀಗಾಗುತ್ತಿದ್ದರೆ ಅಂಗಡಿಯ ದಾರಿ ಬಿಟ್ಟುಬಿಡಿ.

ಹಳ್ಳಿಯ ಕಡೆ ಇನ್ನೊಂದು ಸಂಗತಿ. ಕಬ್ಬಿನ ಗರಿ ತಗುಲಿ, ಒಕ್ಕಣೆಯಲ್ಲಿ ಭತ್ತದ ಹೊಟ್ಟು ಬಿದ್ದು ಕಣ್ಣು ಕೆಂಪಾದರೆ ಅದು ಶಿಲೀಂಧ್ರ ಸೋಂಕಿನ ಹುಣ್ಣಿಗೆ ಶುರುವಾತು ಆಗಿರಬಹುದು. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಬೆಂಕಿಗೆ ಸೀಮೆಎಣ್ಣೆಯೇ ಸರಿ. ಹರ್ಪಿಸ್ ವೈರಸ್ಸಿನ ಹುಣ್ಣಿದ್ದರೂ ಅಷ್ಟೆ.

ಗುರುತಿಸುವುದು ಹೇಗೆ? ಬಾಟಲಿ ತಿರುಗಿಸಿ, ಇಂಗ್ಲಿಷಿನಲ್ಲಿ 'ಕಾಂಪೊಸಿಷನ್' ಅಂತ ಇರುವ ಕಡೆ ನೋಡಿ. ಹೆಸರಿನ ಕೊನೆಯಲ್ಲಿ 'ಸೋನ್' ಅಥವಾ 'ಲೋನ್', ಹೆಸರಿನಲ್ಲಿ ಎಲ್ಲಾದರೂ 'ಪ್ರೆಡ್' ಇದ್ದರೆ ಅದು ಸ್ಟೀರಾಯ್ಡ್: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್. ಅಕ್ಷರ ಚಿಕ್ಕದಾಗಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಮೋಸ ಹೋಗುವುದು ಸಾಮಾನ್ಯವಾಗಿ ಜೋಡಿ ಔಷಧಿಗಳಲ್ಲಿ. ಸಿಪ್ರೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಟೋಬ್ರಾಮೈಸಿನ್, ಕ್ಲೋರಾಂಫೆನಿಕಾಲ್‌ನಂಥ ಆ್ಯಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್ ಸೇರಿಸಿ ಒಂದೇ ಬಾಟಲಿ ಮಾಡಿರುತ್ತಾರೆ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ 'ಡಿ', 'ಡಿಎಕ್ಸ್' ತರಹದ ಅಕ್ಷರ ಇದ್ದರೆ ಅನುಮಾನ ಪಡಿ. ಅಲರ್ಜಿಗೆ ಆ್ಯಂಟಿಬಯಾಟಿಕ್‌ನಿಂದ ಏನೂ ಉಪಯೋಗವಿಲ್ಲ. ಗುಣ ಕಂಡಿದ್ದರೆ ಅದು ಪಕ್ಕದಲ್ಲಿದ್ದ ಸ್ಟೀರಾಯ್ಡಿನ ಕೆಲಸ. ಕೌಂಟರಿನಲ್ಲಿ ಜಗಳ ಬೇಕಿಲ್ಲ. "ಸ್ಟೀರಾಯ್ಡ್ ಇಲ್ಲದ್ದು ಕೊಡಿ, ಒಲೊಪಟಾಡಿನ್ ಇದೆಯಾ?" ಅಂದರೆ ಸಾಕು. ಹೆಸರು ಹೇಳಿ ಕೇಳುವ ಗಿರಾಕಿಗೆ ಅಂಗಡಿಯವರು ಬೇರೆಯದನ್ನು ತಳ್ಳುವುದು ಕಡಿಮೆ.

ಹಾಕುವ ಕ್ರಮ

ಒಂದು ಹನಿ ಸಾಕು. ಕಣ್ಣು ಹಿಡಿದಿಟ್ಟುಕೊಳ್ಳುವುದೇ ಒಂದು ಹನಿಗಿಂತ ಕಡಿಮೆ. ಎರಡನೆಯದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಗಂಟಲಿಗೆ ಹೋಗಿ ಕಹಿಯಾಗುತ್ತದೆ. ಕೈ ತೊಳೆದು, ಕೆಳರೆಪ್ಪೆಯನ್ನು ಸ್ವಲ್ಪ ಎಳೆದು, ಆ ಚೀಲದಂಥ ಜಾಗಕ್ಕೆ ಬಿಡಿ. ಬಾಟಲಿಯ ತುದಿ ರೆಪ್ಪೆಗೂ ಬೆರಳಿಗೂ ತಾಗಬಾರದು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಪಟಪಟ ಮಿಟುಕಿಸಿದರೆ ಔಷಧಿ ಮೂಗಿನೊಳಕ್ಕೆ ಇಳಿದುಹೋಗುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಲೆನ್ಸ್ ಹಾಕುವವರು ಲೆನ್ಸ್ ತೆಗೆದು ಡ್ರಾಪ್ಸ್ ಹಾಕಿಕೊಳ್ಳಬೇಕು, ಹತ್ತು ನಿಮಿಷವಾದ ಮೇಲೆ ಲೆನ್ಸ್ ಹಾಕಬಹುದು. ಕಣ್ಣು ಕೆಂಪಿರುವಷ್ಟು ದಿನ ಲೆನ್ಸೇ ಬೇಡ.

ಬಾಟಲಿ ತೆರೆದ ದಿನವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ತೆರೆದ ಒಂದು ತಿಂಗಳೊಳಗೆ ಬಳಸಿ ಅಂತ ಲೇಬಲ್ಲೇ ಹೇಳುತ್ತದೆ. ಎಕ್ಸ್‌ಪೈರಿ ಇನ್ನೂ ಎರಡು ವರ್ಷ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ, ಅದು ಸೀಲು ಒಡೆಯದ ಬಾಟಲಿಗೆ. ಈ ಎಚ್ಚರಿಕೆ ಸುಮ್ನೆ ಅಲ್ಲ. ಚೆನ್ನೈ ಕಡೆ ತಯಾರಾಗಿ ಅಮೆರಿಕಕ್ಕೆ ಹೋದ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಬಾಟಲಿಗಳಿಗೂ ಅಲ್ಲಿ ಹಬ್ಬಿದ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕಿಗೂ 2023ರಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ನಂಟು ಹಚ್ಚಿತು. ಹಲವರು ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು. ಪ್ರಿಸರ್ವೇಟಿವ್ ಇಲ್ಲದ್ದು ಬೇಕೆಂದರೆ ಒಂದೊಂದೇ ಸಲಕ್ಕೆ ಮುರಿದು ಬಳಸುವ ಪುಟ್ಟ ಪ್ಲಾಸ್ಟಿಕ್ ವಯಲ್ ಹೆಚ್ಚು ಭದ್ರ. ಮನೆಮಂದಿಯೆಲ್ಲ ಒಂದೇ ಬಾಟಲಿ ಹಂಚಿಕೊಳ್ಳುವುದೂ ಬೇಡ.

ಅಜ್ಜಿಯರು ಹೇಳುವ ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಂಡರೆ ತಂಪು, ಅದಕ್ಕೆ ತಕರಾರಿಲ್ಲ. ಅದರ ರಸ, ಎದೆಹಾಲು, ಜೇನು, ರೋಸ್ ವಾಟರ್ ಯಾವುದನ್ನೂ ಕಣ್ಣಿನೊಳಕ್ಕೆ ಬಿಡಬೇಡಿ. ಇದರಲ್ಲಿ ಯಾವುದೂ ಕ್ರಿಮಿ ಇಲ್ಲದಂತೆ ಶುದ್ಧ ಮಾಡಿದ್ದಲ್ಲ.

ಒಲೊಪಟಾಡಿನ್ ಅಥವಾ ಕೀಟೊಟಿಫೆನ್ ಹಾಕಿ ಮೂರು ದಿನವಾದರೂ ತುರಿಕೆ ಇಳಿಯದಿದ್ದರೆ ಬಾಟಲಿ ಬದಲಾಯಿಸಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ. ಹೋಗುವಾಗ ಮನೆಯಲ್ಲಿರುವ ಕಣ್ಣಿನ ಬಾಟಲಿಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಕವರಿನಲ್ಲಿ ಹಾಕಿಕೊಂಡು ಹೋಗಿ. ಹಿಂದೆ ಏನು ಹಾಕಿದ್ದಿರಿ, ಎಷ್ಟು ದಿನ ಹಾಕಿದ್ದಿರಿ ಅನ್ನುವುದರ ಮೇಲೆ ಅವರು ಕಣ್ಣಿನ ಒತ್ತಡ ನೋಡಬೇಕೋ ಬೇಡವೋ ನಿರ್ಧರಿಸುತ್ತಾರೆ.